ಎಕ್ಸೆಲ್‌ನಲ್ಲಿ ಗರಗರ ಮಂಡಲ

ಉಡುಪಿ ಕಡೆಯ ಪಿಯು ಮಕ್ಕಳಿಗೆ ಸಂಭವನೀಯತೆ ಕಲಿಸಲು ನಾಣ್ಯ ಚಿಮ್ಮಬೇಕಿಲ್ಲ. ಜಾತ್ರೆ, ಕೋಳಿ ಅಂಕದ ಬದಿಯಲ್ಲಿ ನಡೆಯುವ ಗರಗರ ಮಂಡಲದ ಸುದ್ದಿ ಎಲ್ಲರೂ ಕೇಳಿರುತ್ತಾರೆ. ಅದು ಚಿತ್ರಕ್ಕೆ ದುಡ್ಡು ಕಟ್ಟಿ ದಾಳ ಉರುಳಿಸುವ ಜುಗಾರಿ, ಕಾನೂನಿಗೆ ವಿರುದ್ಧ. ಲ್ಯಾಬಿನ ಕಂಪ್ಯೂಟರಿನಲ್ಲಿ ಆಡಿಸಿದರೆ ಪೊಲೀಸರು ಬರುವುದಿಲ್ಲ!

ಲೆಕ್ಕಕ್ಕೆ ನಾನು ಇಟ್ಟುಕೊಂಡ ನಿಯಮ ಇಷ್ಟು. ಆರು ಚಿತ್ರ, ಮೂರು ದಾಳ; ಪ್ರತಿ ದಾಳದ ಆರು ಮುಖದಲ್ಲಿ ಆ ಆರು ಚಿತ್ರ. ಒಂದು ಚಿತ್ರಕ್ಕೆ 10 ರೂಪಾಯಿ ಕಟ್ಟಬೇಕು. ಅದು ಒಂದು ದಾಳದಲ್ಲಿ ಬಿದ್ದರೆ 10 ರೂಪಾಯಿ ಲಾಭ, ಎರಡರಲ್ಲಿ 20, ಮೂರರಲ್ಲೂ ಬಿದ್ದರೆ 30. ಎಲ್ಲೂ ಬೀಳದಿದ್ದರೆ ಕಟ್ಟಿದ್ದು ಹೋಯಿತು. "ಆರರಲ್ಲಿ ಮೂರು, ಫಿಫ್ಟಿ ಫಿಫ್ಟಿ ಅಲ್ವಾ ಸರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಉತ್ತರ ಹೇಳದೆ ಶೀಟ್ ತೆರೆಯುತ್ತೇನೆ.

ಚಿತ್ರಗಳಿಗೆ 1ರಿಂದ 6ರ ಅಂಕಿ ಕೊಟ್ಟು, ಮೂರು ದಾಳಕ್ಕೆ ಮೂರು ಕಾಲಂನಲ್ಲಿ 1ರಿಂದ 6ರವರೆಗಿನ ಯಾವುದಾದರೊಂದು ಅಂಕಿ ತರುವ ರ‍್ಯಾಂಡ್‌ಬಿಟ್ವೀನ್. ನಾಲ್ಕನೆಯದರಲ್ಲಿ ಕೌಂಟ್‌ಇಫ್, ನಾವು ಕಟ್ಟಿದ ಅಂಕಿ ಎಷ್ಟು ಸಲ ಬಿತ್ತು ಎಂದು ಎಣಿಸಲು. ಐದನೆಯದರಲ್ಲಿ ಇಫ್: ಸೊನ್ನೆಯಾದರೆ ಮೈನಸ್ 10, ಇಲ್ಲದಿದ್ದರೆ ಎಣಿಕೆಯ ಹತ್ತು ಪಟ್ಟು. ಒಂದು ಸಾಲು ಒಂದು ಆಟ, ಕೆಳಗೆ ಎಳೆದರೆ ಮುಗೀತು. ಕೆಲವರು ಇದರ ಬದಲು, 0 ಮತ್ತು 1ರ ನಡುವಿನ ಸಂಖ್ಯೆ ಕೊಡುವ ರ‍್ಯಾಂಡನ್ನು 5ರಿಂದ ಗುಣಿಸಿ, ರೌಂಡ್ ಮಾಡಿ, 1 ಕೂಡಿಸುತ್ತಾರೆ. ಅದು ಮೋಸದ ದಾಳ. ಅದರಲ್ಲಿ 1 ಮತ್ತು 6 ಬೀಳುವುದು ಉಳಿದವುಗಳ ಅರ್ಧದಷ್ಟೇ.

ಮೊದಲು 100 ಸಾಲು ಸಾಕು. ಎಫ್9 ಒತ್ತಿದಾಗೆಲ್ಲ ಹೊಸದಾಗಿ ನೂರು ಆಟ. ನಾಲ್ಕೈದು ಸಲಕ್ಕೊಮ್ಮೆ ಮೊತ್ತ ಲಾಭದಲ್ಲಿರುತ್ತದೆ. ಲಾಭ ಬಂದವನ ಗಲಾಟೆ ಜಾಸ್ತಿ, ಕಳೆದುಕೊಂಡವರು ಸುಮ್ನೆ ಕೂತಿರುತ್ತಾರೆ. ಗೆದ್ದವನ ಕಥೆ ಮಾತ್ರ ಊರೆಲ್ಲ ಸುತ್ತುವುದು ಹೀಗೆಯೇ. ಆಮೇಲೆ 10,000 ಸಾಲಿಗೆ ಎಳೆಯಲು ಹೇಳುತ್ತೇನೆ. ಈಗ ಎಲ್ಲರ ಪರದೆಯಲ್ಲೂ ನಷ್ಟ, ಆಟವೊಂದಕ್ಕೆ 79 ಪೈಸೆಯ ಆಸುಪಾಸು.

ಬೋರ್ಡಿಗೆ ಹೋಗುವುದು ಆಗ. ಒಟ್ಟು 216 ಸಾಧ್ಯತೆ. 125ರಲ್ಲಿ ನಮ್ಮ ಚಿತ್ರ ಇಲ್ಲವೇ ಇಲ್ಲ. 75ರಲ್ಲಿ ಒಮ್ಮೆ, 15ರಲ್ಲಿ ಎರಡು ಸಲ, 1ರಲ್ಲಿ ಮೂರೂ. ಗೆಲ್ಲುವ ಸಾಧ್ಯತೆ ಶೇಕಡ 42 ಮಾತ್ರ.

ಫಿಫ್ಟಿಗೆ ಕಡಿಮೆ ಬಿದ್ದ ಎಂಟು ಎಲ್ಲಿ ಹೋಯಿತು? ಆರು ಜನ ಆರು ಚಿತ್ರಕ್ಕೆ ಹತ್ತತ್ತು ರೂಪಾಯಿ ಕಟ್ಟಿದ್ದಾರೆ ಎಂದುಕೊಳ್ಳಿ. ಮೂರೂ ದಾಳ ಬೇರೆ ಬೇರೆ ಬಿದ್ದರೆ ಆಡಿಸುವವನಿಗೆ 30 ಬಂತು, 30 ಹೋಯಿತು. ಒಂದೇ ಚಿತ್ರ ಎರಡು ಬಿದ್ದರೆ 40 ಬಂತು, 30 ಹೋಯಿತು. ಮೂರೂ ಒಂದೇ ಬಿದ್ದರೆ 50 ಬಂತು, 30 ಹೋಯಿತು. ಡಬಲ್ ಬಿತ್ತೆಂದು ಆಡುವವನು ಕುಣಿಯುವ ಹೊತ್ತಿಗೇ ಆಡಿಸುವವನ ಕಿಸೆ ತುಂಬುತ್ತದೆ.