ಹೆದರಿಕೊಂಡ ಮೀನುಗಾರ

ರೆಸಿನ್ ಕಿಟ್ ಅಂದರೆ ಪ್ಲಾಸ್ಟಿಕ್‌ನಂಥ ರೆಸಿನ್ ಅನ್ನು ಅಚ್ಚಿಗೆ ಹೊಯ್ದು ಮಾಡಿದ ಬೊಂಬೆಯ ತುಂಡುಗಳು, ಜೋಡಿಸಿ ಬಣ್ಣ ಹಚ್ಚುವುದು ನಮ್ಮ ಕೆಲಸ. ನನ್ನ ಮೊದಲ ಕಿಟ್‌ನಲ್ಲಿ, ಬಣ್ಣ ಆಚೀಚೆ ತಾಗದಿರಲೆಂದು ಅಂಟಿಸಿದ್ದ ಮಾಸ್ಕಿಂಗ್ ಟೇಪ್ ಎಳೆದಾಗ ಟೋಪಿಯ ನೀಲಿ ಬಣ್ಣ ಟೇಪಿನ ಜೊತೆಗೇ ಎದ್ದು ಬಂತು. ತಪ್ಪು ನಂದೇ, ಭಾಗಗಳನ್ನು ತೊಳೆದಿರಲಿಲ್ಲ. ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಹಚ್ಚುವ ಜಿಡ್ಡು ಹಾಗೇ ಉಳಿದಿರುತ್ತದೆ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಈ ಸಲದ್ದು 1/10 ಅಳತೆಯ, ಅಂದರೆ ನಿಜ ಗಾತ್ರದ ಹತ್ತನೇ ಒಂದು ಭಾಗದ, ಮುದುಕ ಮೀನುಗಾರ. ತಲೆಯಿಂದ ಎದೆತನಕ ಮಾತ್ರ, ಐದು ತುಂಡು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ. ಬಾಯಲ್ಲಿಡುವ ಪೈಪ್ ಸೊಟ್ಟಗಿತ್ತು. ಬಿಸಿನೀರಲ್ಲಿ ಮೆತ್ತಗೆ ಮಾಡಿ, ನೆಟ್ಟಗಾಗಿಸಿ, ತಣ್ಣೀರಿಗೆ ಹಾಕಿದೆ. ಸ್ಯಾಂಡ್‌ಪೇಪರ್ ಮಾತ್ರ ಒದ್ದೆ ಮಾಡಿಯೇ ಉಜ್ಜಬೇಕು, ಮಾಸ್ಕ್ ಹಾಕಿಕೊಂಡು. ಆ ಪುಡಿ ಎದೆಗೆ ಹೋಗಬಾರದು.

ನಾನು ಮೊದಲೇ ಜೋಡಿಸುವುದಿಲ್ಲ, ಬಿಡಿಬಿಡಿಯಾಗಿ ಬಣ್ಣ ಹಚ್ಚುತ್ತೇನೆ. ಗಡ್ಡದ ಕೆಳಗೆ, ಕಾಲರ್ ಒಳಗೆ ಬ್ರಷ್ ಹೋಗಬೇಕಲ್ವಾ? ಅಂಟಿಸುವ ಕಡೆ ಸಣ್ಣ ತೂತು ಕೊರೆದು ಪೇಪರ್ ಕ್ಲಿಪ್ಪಿನ ತಂತಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಾರ್ಕಿಗೆ ಚುಚ್ಚುತ್ತೇನೆ. ಈಗ ಅದು ಹಿಡಿ, ಆಮೇಲೆ ಜೋಡಿಸುವಾಗ ಅದೇ ಕೀಲು.

ಬಣ್ಣ ಹಿಡಿಯಲಿ ಅಂತ ಮೊದಲು ಹಚ್ಚುವ ಬೂದು ಪ್ರೈಮರ್ ಒಣಗಿದ ಮೇಲೆ ಅಕ್ರಿಲಿಕ್ ಬಣ್ಣ. ನೀರಿನಲ್ಲಿ ಕರಗುವಂಥದ್ದೇ ಬೇಕು. ಆಲ್ಕೋಹಾಲ್ ಬೆರೆತದ್ದನ್ನು ಬ್ರಷ್‌ನಲ್ಲಿ ಎರಡನೇ ಸಲ ಎಳೆದರೆ ಕೆಳಗಿನ ಪದರ ಕಿತ್ತು ಬರುತ್ತದೆ. ಡಬ್ಬಿಯೊಳಗೆ ಒದ್ದೆ ಸ್ಪಂಜು, ಮೇಲೆ ಬಟರ್ ಪೇಪರ್. ಅದೇ ನನ್ನ ಪ್ಯಾಲೆಟ್, ಬಣ್ಣ ಬೇಗ ಒಣಗುವುದಿಲ್ಲ. ನೀರು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಂಡು ಮೂರು, ನಾಲ್ಕು ಸಲ ಹಚ್ಚುತ್ತೇನೆ. ಮೊದಲ ಸಲ ತೇಪೆ ತೇಪೆಯಾಗಿ ಕಾಣುತ್ತದೆ. ಆಗ ಗಾಬರಿಯಾಗಿ ದಪ್ಪಗೆ ಮೆತ್ತಿದರೆ ಮುಖದ ಸುಕ್ಕೆಲ್ಲ ಮುಚ್ಚಿಹೋಗುತ್ತದೆ.

ಗಣೇಶ ಮಾಡುವವರು ಕಣ್ಣನ್ನು ಕೊನೆಗೆ ಬರೆಯುತ್ತಾರೆ. ನಂದು ಉಲ್ಟಾ, ಕಣ್ಣೇ ಮೊದಲು. ಆಚೀಚೆ ತಾಗಿದ್ದನ್ನು ಆಮೇಲೆ ಚರ್ಮದ ಬಣ್ಣ ಮುಚ್ಚುತ್ತದೆ. ಅಚ್ಚ ಬಿಳಿ ಹಾಕುವುದಿಲ್ಲ, ಬೂದು, ಗುಲಾಬಿ ಚೂರು ಬೆರೆಸುತ್ತೇನೆ. ಎರಡು ಸಂಜೆ ಕೂತು ಬರೆದು ಅಮ್ಮನಿಗೆ ತೋರಿಸಿದೆ.

"ಯಾಕೋ, ಹೆದರಿಕೊಂಡವನ ಹಾಗೆ ನೋಡ್ತಿದಾನೆ?"

ನೋಡಿದರೆ ನಿಜ. ಕಂದು ಬಿಲ್ಲೆಯನ್ನು ಕಣ್ಣಿನ ನಟ್ಟನಡುವೆ ಇಟ್ಟಿದ್ದೆ, ಸುತ್ತಲೂ ಬಿಳಿ. ಸುಮ್ನೆ ಕೂತವರ ಕಣ್ಣಲ್ಲಿ ಆ ಬಿಲ್ಲೆಯ ಮೇಲಂಚು ರೆಪ್ಪೆಯಡಿ ಇರುತ್ತದೆ. ಕೂದಲೆಳೆಯಷ್ಟು ಮೇಲಕ್ಕೆ ಬರೆದು, ಮೇಲ್ರೆಪ್ಪೆಯ ಕೆಳಗೆ ಗಾಢ ಕಂದಿನ ಗೆರೆ ಎಳೆದೆ. ಆಮೇಲೆ ಕೆಂಗಂದು ಚರ್ಮ, ಮೂಗಿನ ತುದಿಗೂ ಕೆನ್ನೆಯ ಉಬ್ಬಿಗೂ ತಿಳಿ ಬಣ್ಣ.

ಅಮ್ಮ ಮತ್ತೆ ನೋಡಿದರು. "ಈಗ ಪರವಾಗಿಲ್ಲ. ನಿದ್ದೆಗೆಟ್ಟಿದಾನೆ ಅಷ್ಟೇ."

ಪೈಪ್ ಇನ್ನೂ ಅಂಟಿಸಿಲ್ಲ.