ದನದ ಹಲ್ಲಲ್ಲಿ ಬೋರ್ ನೀರಿನ ಗುರುತು: ನೋಡುವುದು ಹೇಗೆ?

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹೋರಿ ಕೊಳ್ಳುವವರು ಮೊದಲು ನೋಡುವುದೇ ಬಾಯಿ. ಎರಡಲ್ಲೋ, ನಾಲ್ಕಲ್ಲೋ, ಬಾಯಿ ಕೂಡಿದೆಯೋ (ಎಂಟೂ ಶಾಶ್ವತ ಹಲ್ಲು ಬಂದಿವೆಯೋ) ಎಂದು ವಯಸ್ಸಿನ ಲೆಕ್ಕ ಹಾಕುತ್ತಾರೆ. ಹಲ್ಲಿನ ಮೇಲಿನ ಕಂದು ಪಟ್ಟೆಯ ಬಗ್ಗೆ ಕೇಳಿದರೆ, ‘ಸೊಪ್ಪಿನ ಕರೆ, ಬಿಡಿ ಸ್ವಾಮಿ’ ಎಂಬ ಉತ್ತರ ಬರುತ್ತದೆ. ಪಾವಗಡ, ಶಿರಾ ಕಡೆಯ ದನವಾದರೆ ಅಷ್ಟು ಸಲೀಸಾಗಿ ಬಿಡಬೇಡಿ. ಅದು ಬೋರ್‌ವೆಲ್ ನೀರಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣದ ಗುರುತಿರಬಹುದು.

ನೋಡುವುದು ಕಷ್ಟವಲ್ಲ. ದನವನ್ನು ಕಂಬಕ್ಕೆ ಗಿಡ್ಡವಾಗಿ ಕಟ್ಟಿ. ಬಾಯಿ ಅಗಲಿಸುವ ಗುದ್ದಾಟ ಬೇಡ, ಕೆಳತುಟಿಯನ್ನು ಹೆಬ್ಬೆರಳಿನಿಂದ ಕೆಳಗೆಳೆದರೆ ಸಾಕು. ಮುಂದಿನ ಎಂಟು ಹಲ್ಲು ಕಾಣುತ್ತವೆ. ಮೇಲ್ಗಡೆ ಹುಡುಕಬೇಡಿ, ದನಕ್ಕೆ ಅಲ್ಲಿ ಮುಂಬಲ್ಲು ಇರುವುದೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ. ಕರೆ ಹೋದರೆ ಮೇವಿನದು. ಹೋಗದಿದ್ದರೆ ಉಗುರು ಆಡಿಸಿ: ನುಣುಪಾಗಿದೆಯೋ, ಸೀಮೆಸುಣ್ಣದ ಹಾಗೆ ಬಿಳಿಚಿಕೊಂಡು ಸಣ್ಣ ಸಣ್ಣ ಗುಳಿ ಬಿದ್ದಿದೆಯೋ? ಎರಡನೆಯದಾದರೆ ಫ್ಲೋರೈಡ್ ಇರಬಹುದು.

ಆಮೇಲೆ ಜೋಡಿ ನೋಡಿ. ಎಡಗಡೆ ಹಲ್ಲಿನ ಪಟ್ಟೆ ಅದರ ಬಲಜೋಡಿಯಲ್ಲೂ ಅದೇ ಎತ್ತರದಲ್ಲಿದ್ದರೆ ಫ್ಲೋರೈಡ್ ಅನುಮಾನ ಬಲವಾಗುತ್ತದೆ. ಒಂದೇ ಹಲ್ಲು ಕೆಟ್ಟಿದ್ದರೆ ಪೆಟ್ಟು ಬಿದ್ದಿರಬಹುದು.

ನನಗೆ ಸೋಜಿಗ ಅನ್ನಿಸುವುದು ಇದರ ಹಿಂದಿನ ಲೆಕ್ಕ. ಹಲ್ಲಿನ ಹೊಳಪಿನ ಪದರ, ಅಂದರೆ ಎನಾಮೆಲ್, ತಯಾರಾಗುವುದು ಹಲ್ಲು ಇನ್ನೂ ದವಡೆಯೊಳಗೆ ಇರುವಾಗಲೇ. ಹಾಲುಹಲ್ಲು ಬಿದ್ದ ಮೇಲಿನ ಶಾಶ್ವತ ಹಲ್ಲುಗಳಲ್ಲಿ ಮೊದಲ ಜೋಡಿ, ಅಂದರೆ ನಡುವಿನದು, ಸುಮಾರು 2 ವರ್ಷಕ್ಕೆ ಹೊರಬರುತ್ತದೆ, ಕೊನೆಯದಾದ ಅಂಚಿನದು ಮೂರೂವರೆ, ನಾಲ್ಕು ವರ್ಷಕ್ಕೆ. ಹೊರಬಂದ ಮೇಲೆ ನೀರು ಎಷ್ಟೇ ಕೆಟ್ಟದ್ದಿದ್ದರೂ ಆ ಎನಾಮೆಲ್‌ಗೆ ಇಂಥ ಹೊಸ ಗುರುತು ಬೀಳುವುದಿಲ್ಲ, ಹಳೆಯದು ಮಾಯುವುದೂ ಇಲ್ಲ. ನಡುವಿನ ಜೋಡಿ ಚೊಕ್ಕಟವಾಗಿದ್ದು ಅಂಚಿನವು ಕಂದಾಗಿದ್ದರೆ, ಕರು ಬೆಳೆಯುತ್ತಿದ್ದಾಗ ಕುಡಿವ ನೀರು ಬದಲಾಗಿರಬಹುದು. ಹೊಸ ಬೋರ್ ಕೊರೆಸಿದ್ದು ಯಾವಾಗ, ನೆನಪು ಮಾಡಿಕೊಳ್ಳಿ. ಹಾಲುಹಲ್ಲಿನಲ್ಲಿ ಗುರುತು ಕಾಣುವುದು ಅಪರೂಪ. ಅವು ಬೆಳ್ಳಗಿವೆ ಅಂತ ಸುಮ್ನಿರಬೇಡಿ.

 

ಅನುಮಾನ ಬಂದರೆ ನೀರು ಪರೀಕ್ಷೆ ಮಾಡಿಸಿ. ಬೋರ್ ಸ್ವಲ್ಪ ಹೊತ್ತು ಓಡಿಸಿ, ಶುದ್ಧ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಿರಿ, ಗಾಜು ಬೇಡ. ಮನುಷ್ಯರಿಗೆ ಲೀಟರಿಗೆ 1.5 ಮಿಲಿಗ್ರಾಂ ಮಿತಿ, ದನಗಳಿಗೆ ಸಾಮಾನ್ಯವಾಗಿ 2 ಅನ್ನುತ್ತಾರೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ದನ ಕುಂಟುತ್ತಿದ್ದರೆ, ಕಾಲಿನ ಎಲುಬು ಗಂಟು ಕಟ್ಟಿದ್ದರೆ ಪಶುವೈದ್ಯರಿಗೆ ತೋರಿಸಿ. ಆಗ ತೊಂದರೆ ಹಲ್ಲು ದಾಟಿ ಮೂಳೆಗೆ ಹೋಗಿರಬಹುದು.

ಎಲ್ಲ ದನಕ್ಕೂ ಒಳ್ಳೆ ನೀರು ಒದಗಿಸಲು ಆಗುವುದಿಲ್ಲ, ಅಲ್ವಾ? ಕೆರೆ ನೀರೋ, ಕೃಷಿಹೊಂಡದ ಮಳೆನೀರೋ ಇರುವಷ್ಟನ್ನು ನಾಲ್ಕು ವರ್ಷದೊಳಗಿನ ಕರು, ಪಡ್ಡೆಗಳಿಗೆ ಮೀಸಲಿಡಿ. ಊರಿನ ಶುದ್ಧ ನೀರಿನ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರನ್ನು ‘ಯಾಕೆ ದಂಡ ಮಾಡೋದು’ ಅಂತ ದನದ ತೊಟ್ಟಿಗೆ ಬಿಡುವವರಿದ್ದಾರೆ. ಆರ್‌ಒ ಯಂತ್ರ ಸೋಸಿ ತೆಗೆದ ಫ್ಲೋರೈಡ್ ಇರುವುದು ಆ ನೀರಿನಲ್ಲೇ.