ಶಾಯಿ ಇಲ್ಲದ ಮತಗಟ್ಟೆಯಲ್ಲಿ ಹದಿನೈದು ಗಂಟೆ

ನಾನು ಮೈಸೂರಿನವನು. ನಮ್ಮೂರಿನ ಕಾರ್ಖಾನೆಯ ಶಾಯಿ 1962ರಿಂದ ದೇಶದ ಮತದಾರರ ಬೆರಳಿಗೆ ಹತ್ತುತ್ತಿದೆ. ಹಾಗಾಗಿ ಇಂಗ್ಲೆಂಡಿನಲ್ಲಿ ಮೊದಲ ಸಲ ಮತಗಟ್ಟೆಯ ಕೆಲಸಕ್ಕೆ ಕೂತಾಗ ಮೇಜಿನ ಮೇಲೆ ಕಣ್ಣು ಹುಡುಕಿದ್ದು ಆ ಪುಟ್ಟ ಬಾಟಲಿಯನ್ನೇ. ಬಾಟಲಿಯೇನೋ ಇತ್ತು, ಆದರೆ ಅದು ಸ್ಯಾನಿಟೈಸರ್. ಕೋವಿಡ್ ಕಾಲ. ಅದರ ಪಕ್ಕದಲ್ಲಿ ಮತದಾರರ ಪಟ್ಟಿ, ಒಂದು ಸ್ಕೇಲು, ಎರಡು ಪೆನ್ನು, ಮತಪತ್ರಗಳ ಕಟ್ಟು. ಅಷ್ಟೇ ಸಾಮಾನು.

ನಮ್ಮ ಕ್ಷೇತ್ರದ ಹೆಸರು ಚೆಶಮ್ ಮತ್ತು ಆಮರ್ಶಮ್. ಲಂಡನ್ನಿನ ವಾಯವ್ಯಕ್ಕೆ, ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿದೆ. ಟ್ಯೂಬ್ ರೈಲಿನ ಮೆಟ್ರೋಪಾಲಿಟನ್ ಲೈನ್ ಇಲ್ಲಿಗೆ ಬಂದು ಮುಗಿಯುತ್ತದೆ. 1892ರಲ್ಲಿ ರೈಲು ಆಮರ್ಶಮ್ ತಲುಪಿದ ಮೇಲೆ ಗುಡ್ಡದ ಮೇಲೆ ಹೊಸ ಬಡಾವಣೆ ಬೆಳೆಯಿತು. ಹಳೇ ಊರು ಕೆಳಗೇ ಉಳಿಯಿತು. ಸ್ಟೇಷನ್ನಿನಿಂದ ಹತ್ತು ನಿಮಿಷ ಕಾರು ಓಡಿಸಿದರೆ ಬೀಚ್ ಮರಗಳ ಕಾಡು, ಕುರಿ, ಕುದುರೆ, ಎದುರಿಗೆ ಇನ್ನೊಂದು ಗಾಡಿ ಬಂದರೆ ಹಿಂದಕ್ಕೆ ಹೋಗಲೇಬೇಕಾದ ರಸ್ತೆಗಳು. ಒಂದೇ ಕ್ಷೇತ್ರ, ಎರಡು ಲೋಕ. ನಾನು ಎರಡೂ ಕಡೆ ಕೂತಿದ್ದೇನೆ.

ಸೇರಿದ್ದು ಸುಲಭವಾಗಿಯೇ. ಕೌನ್ಸಿಲ್‌ನ ಚುನಾವಣಾ ವಿಭಾಗಕ್ಕೆ ಒಂದು ಈಮೇಲ್ ಹಾಕಿದೆ. ಈ ದೇಶದಲ್ಲಿ ಕೆಲಸ ಮಾಡುವ ಹಕ್ಕಿರಬೇಕು, ಆ ಚುನಾವಣೆಯಲ್ಲಿ ಯಾವ ಅಭ್ಯರ್ಥಿಗೂ ಪ್ರಚಾರ ಮಾಡುತ್ತಿರಬಾರದು. ಒಂದು ಚಿಕ್ಕ ತರಬೇತಿ, ಆಮೇಲೆ ಪೋಲ್ ಕ್ಲರ್ಕ್ ಅಂತ ನೇಮಕ.

ಮೊದಲ ಸಲ 2021ರ ಉಪಚುನಾವಣೆ. ಸಂಸದೆ ಷೆರಿಲ್ ಗಿಲನ್ ಆ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. 1974ರಲ್ಲಿ ಕ್ಷೇತ್ರ ಹುಟ್ಟಿದಾಗಿನಿಂದ ಕನ್ಸರ್ವೇಟಿವ್ ಪಕ್ಷ ಬಿಟ್ಟು ಬೇರೆ ಯಾರೂ ಗೆದ್ದಿರಲಿಲ್ಲ. ಅದಕ್ಕೇ ನಮ್ಮ ಕಡೆ ಅದನ್ನೊಂದು ಶಾಸ್ತ್ರ ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದರು. ಆದರೆ ಎಚ್‌ಎಸ್2 ಅನ್ನುವ ಅತಿವೇಗದ ರೈಲಿಗಾಗಿ ಊರ ಕೆಳಗೆ 16 ಕಿಲೋಮೀಟರ್ ಸುರಂಗ ಕೊರೆಯುವ ಕೆಲಸ ಶುರುವಾಗಿತ್ತು. ಹೊಲ-ಹುಲ್ಲುಗಾವಲಲ್ಲಿ ಮನೆ ಕಟ್ಟಲು ಸರ್ಕಾರ ನಿಯಮ ಸಡಿಲಿಸುತ್ತದೆ ಅನ್ನುವ ಸಿಟ್ಟು ಬೇರೆ.

ಜೂನ್ 17, ಗುರುವಾರ. ನನ್ನ ಮತಗಟ್ಟೆ ಬಡಾವಣೆಯ ಒಂದು ಹಾಲ್‌ನಲ್ಲಿ. ಬೆಳಿಗ್ಗೆ 7ಕ್ಕೆ ಬಾಗಿಲು ತೆಗೆದೆವು. ರೈಲು ಹಿಡಿಯುವವರ ಒಂದು ಗುಂಪು ಬಂತು, ಹೋಯಿತು. ಮತ್ತೆ ಗಡಿಬಿಡಿ ಆಗಿದ್ದು ಸಂಜೆ. ಮುಖಕ್ಕೆ ಮಾಸ್ಕ್, ನಡುವೆ ಪ್ಲಾಸ್ಟಿಕ್ ಪರದೆ. ಅವರು ಹೇಳಿದ್ದು ನನಗೆ ಕೇಳಿಸದು, ನಾನು ಹೇಳಿದ್ದು ಅವರಿಗೆ ತಿಳಿಯದು.

ಇಲ್ಲಿ ಒಂದು ನಿಯಮವಿದೆ. ಮತಪತ್ರ ಕೊಡುವಾಗ ಮತದಾರರ ಕ್ರಮಸಂಖ್ಯೆ, ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಇಂಗ್ಲಿಷರ ಹೆಸರುಗಳು ಬರೆದ ಹಾಗೆ ಇರುವುದಿಲ್ಲ. 'ಚಮ್ಲಿ' ಅನ್ನುವುದನ್ನು 'ಚಾಲ್ಮೊಂಡೆಲಿ' ಅಂತ ಕೂಗಿದೆ. ಅವರು ನಕ್ಕು ತಿದ್ದಿದರು. ಸ್ವಲ್ಪ ಹೊತ್ತಿಗೆ ಒಬ್ಬ ವೆಂಕಟಸುಬ್ರಮಣಿಯನ್ ಬಂದರು. ಒಂದೇ ಉಸಿರಿಗೆ ಕೂಗಿದೆ. ಪಕ್ಕದ ಕ್ಲರ್ಕ್ ತಿರುಗಿ ನೋಡಿದರು.

ನನಗೆ ವಿಚಿತ್ರ ಅನ್ನಿಸಿದ್ದು ಇದಲ್ಲ. ಬಂದವರು ಹೆಸರು, ವಿಳಾಸ ಹೇಳುತ್ತಾರೆ. ನಾನು ಸ್ಕೇಲಿಟ್ಟು ಪಟ್ಟಿಯಲ್ಲಿ ಗೆರೆ ಎಳೆಯುತ್ತೇನೆ, ಮತಪತ್ರ ಕೊಡುತ್ತೇನೆ. ಮುಗೀತು. ಗುರುತಿನ ಚೀಟಿ ಇಲ್ಲ, ಶಾಯಿ ಇಲ್ಲ. ಪಕ್ಕದ ಮನೆಯವರ ಮುಖವೇ ಪರಿಚಯವಿಲ್ಲದ ಬಡಾವಣೆ ಅದು. ಯಾರು ಬಂದು ಯಾರ ಹೆಸರು ಹೇಳಿದರೂ ನನಗೇನು ಗೊತ್ತಾಗಬೇಕು? ಪ್ರಿಸೈಡಿಂಗ್ ಆಫೀಸರ್ ಹತ್ತಿರ ಮೈಸೂರಿನ ಶಾಯಿಯ ಕಥೆ ಹೇಳಿದೆ. "ಬೆರಳಿಗಾ? ವಾರಗಟ್ಟಲೆ ಹೋಗುವುದಿಲ್ಲವಾ?" ಅಂತ ಆಕೆ ತಮ್ಮ ಉಗುರನ್ನೇ ನೋಡಿಕೊಂಡರು.

ಮರುದಿನ ಬೆಳಗಾಗುವಷ್ಟರಲ್ಲಿ ಲಿಬರಲ್ ಡೆಮೋಕ್ರಾಟ್ ಪಕ್ಷದ ಸಾರಾ ಗ್ರೀನ್ 8,028 ಮತಗಳಿಂದ ಗೆದ್ದಿದ್ದರು. ಲೇಬರ್‌ಗೆ ಬಿದ್ದದ್ದು ಬರೀ 622. ನಾನು ನಿದ್ದೆಯಲ್ಲಿದ್ದೆ.

2024ಕ್ಕೆ ಬರುವಷ್ಟರಲ್ಲಿ ಕಾನೂನು ಬದಲಾಗಿತ್ತು. ಫೋಟೋ ಇರುವ ಗುರುತಿನ ಚೀಟಿ ಕಡ್ಡಾಯ. ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ಮೇ 22ರಂದು ಮಳೆಯಲ್ಲಿ ನೆನೆಯುತ್ತಾ ಚುನಾವಣೆ ಘೋಷಿಸಿದರು. ಜುಲೈ 4ಕ್ಕೆ ನನ್ನನ್ನು ಚೆಸ್ ನದಿಯ ಕಣಿವೆಯ ಕಡೆ ಒಂದು ಹಳ್ಳಿಗೆ ಹಾಕಿದರು.

ಹಳ್ಳಿಯ ಮತಗಟ್ಟೆಯಲ್ಲಿ ಗಡಿಬಿಡಿಯೇ ಇಲ್ಲ. ಹತ್ತು ನಿಮಿಷಕ್ಕೊಬ್ಬರು, ಜೊತೆಗೊಂದು ನಾಯಿ. ಬಾಗಿಲ ಬಳಿ ನಾಯಿಗಳಿಗೆ ನೀರಿನ ಬಟ್ಟಲಿಟ್ಟಿದ್ದೆವು. ಕುದುರೆ ಮೇಲೆ ಬಂದ ಒಬ್ಬಾಕೆ ಲಗಾಮನ್ನು ಗೆಳತಿಯ ಕೈಗೆ ಕೊಟ್ಟು ಒಳಗೆ ಬಂದರು. ಈ ಸಲದ ಪ್ರಿಸೈಡಿಂಗ್ ಆಫೀಸರ್ ಅದೇ ಹಳ್ಳಿಯವರು. ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದರು, ಮಂಡಿನೋವು ಹೇಗಿದೆ ಅಂತ ವಿಚಾರಿಸುತ್ತಿದ್ದರು. ಆಮೇಲೆ ಅದೇ ದನಿಯಲ್ಲಿ, "ಗುರುತಿನ ಚೀಟಿ ತೋರಿಸಿ."

ಒಬ್ಬ ಅಜ್ಜ ಬರಿಗೈಯಲ್ಲಿ ಬಂದಿದ್ದರು. "ನಿನ್ನ ಮದುವೆಗೆ ಬಂದಿದ್ದೆನಲ್ಲಮ್ಮ ನಾನು" ಅಂದರು. ಆಕೆಯ ಮುಖ ಕೆಂಪಾಯಿತು. "ಗೊತ್ತು. ಆದರೂ ಬೇಕು." ಅಜ್ಜ ಗೊಣಗುತ್ತಾ ಹೊರಟರು. ಮುಕ್ಕಾಲು ಗಂಟೆ ಬಿಟ್ಟು ವಾಪಸ್ ಬಂದು ಬಸ್ ಪಾಸನ್ನು ಮೇಜಿನ ಮೇಲೆ ಟಪ್ ಅಂತ ಇಟ್ಟರು. ಹಿರಿಯರ ಬಸ್ ಪಾಸ್ ನಡೆಯುತ್ತದೆ. ಆದರೆ ಹುಡುಗರ ರೈಲು ರಿಯಾಯಿತಿ ಕಾರ್ಡ್ ನಡೆಯುವುದಿಲ್ಲ. ಮಧ್ಯಾಹ್ನ ಒಬ್ಬ ವಿದ್ಯಾರ್ಥಿಯನ್ನು ಅದೇ ಕಾರಣಕ್ಕೆ ವಾಪಸ್ ಕಳಿಸಬೇಕಾಯಿತು. ಇದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅವನು ತಿರುಗಿ ಬರಲೇ ಇಲ್ಲ.

ನಮ್ಮವರಿಗೆ ಒಂದು ಮಾತು. ಇಲ್ಲಿ ಕಾನೂನುಬದ್ಧವಾಗಿ ವಾಸವಿರುವ ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳ ಲೆಕ್ಕದಲ್ಲಿ ಪಾರ್ಲಿಮೆಂಟಿಗೆ ಓಟು ಹಾಕಬಹುದು. ಮೊದಲೇ ಪಟ್ಟಿಯಲ್ಲಿ ಹೆಸರು ಸೇರಿಸಿರಬೇಕು, ಅಷ್ಟೇ. ಭಾರತದ ಪಾಸ್‌ಪೋರ್ಟೇ ಗುರುತಿನ ಚೀಟಿಯಾಗಿ ಸಾಕು. ಎಷ್ಟೋ ವರ್ಷ ಇಲ್ಲಿದ್ದೂ ಇದು ಗೊತ್ತಿಲ್ಲದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ತಪ್ಪು ಮಾಡಿದ್ದು ನಾನು, ಸಂಜೆ ನಾಲ್ಕಕ್ಕೆ. ಮತಗಟ್ಟೆ ಬಿಟ್ಟು ಹೊರಗೆ ಹೋಗುವಂತಿಲ್ಲ, ಊಟ ಕಟ್ಟಿಕೊಂಡೇ ಬರಬೇಕು. ಡಬ್ಬಿಯ ಚಿತ್ರಾನ್ನ ತಿಂದ ಮೇಲೆ ಕಣ್ಣು ಎಳೆಯುತ್ತಿತ್ತು. ತಂದೆ, ಮಗ, ಇಬ್ಬರಿಗೂ ಒಂದೇ ಹೆಸರು, ಒಂದೇ ಮನೆ. ಬಂದದ್ದು ಮಗ, ನಾನು ಗೆರೆ ಎಳೆದದ್ದು ತಂದೆಯ ಸಾಲಿಗೆ. ಮತಪತ್ರದ ಸಂಖ್ಯೆಯ ಎದುರು ಮತದಾರರ ಸಂಖ್ಯೆ ಬರೆಯುವ ಇನ್ನೊಂದು ಹಾಳೆ ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದ ಕ್ಲರ್ಕ್ ನನ್ನ ಮೊಣಕೈ ತಟ್ಟಿದರು. ಆಗಲೇ ಪ್ರಿಸೈಡಿಂಗ್ ಆಫೀಸರ್‌ಗೆ ಹೇಳಿದೆ, ಬರೆದುಕೊಂಡು ಸರಿಮಾಡಿದರು. ಇಲ್ಲದಿದ್ದರೆ ತಂದೆ ಬಂದಾಗ ಅವರ ಓಟು ಆಗಲೇ ಬಿದ್ದಿದೆ ಅಂತ ಪಟ್ಟಿ ಹೇಳುತ್ತಿತ್ತು. ಆಗ ಅವರಿಗೆ ಬೇರೆ ಬಣ್ಣದ ಮತಪತ್ರ ಕೊಡಬೇಕು. ಅದು ಪೆಟ್ಟಿಗೆಗೆ ಹೋಗುವುದಿಲ್ಲ, ಬೇರೆ ಲಕೋಟೆಗೆ ಹೋಗುತ್ತದೆ. ಆಮೇಲೆ ರಾತ್ರಿಯವರೆಗೂ ಸ್ಕೇಲನ್ನು ಕೈಯಿಂದ ಬಿಡಲಿಲ್ಲ.

ರಾತ್ರಿ 10ಕ್ಕೆ ಬಾಗಿಲು ಮುಚ್ಚಿ ಪೆಟ್ಟಿಗೆಯ ಬಾಯಿಗೆ ಸೀಲ್ ಹಾಕಿದೆವು. ಕೊಟ್ಟ ಮತಪತ್ರ, ಉಳಿದದ್ದು, ಹಾಳಾದದ್ದು ಎಲ್ಲದರ ಲೆಕ್ಕ. ಮೊದಲ ಸಲ ಒಂದು ಕಮ್ಮಿ ಬಂತು. ಮತ್ತೆ ಎಣಿಸಿದರೆ ಸರಿಯಾಯಿತು, ಎರಡು ಹಾಳೆ ಅಂಟಿಕೊಂಡಿದ್ದವು. ಪೆಟ್ಟಿಗೆ ಹೊತ್ತ ಕಾರು ಎಣಿಕೆ ಕೇಂದ್ರದ ಕಡೆ ಹೊರಟಿತು. ಕುರ್ಚಿ ಜೋಡಿಸಿ, ಬೇಲಿಗೆ ಕಟ್ಟಿದ್ದ ಬೋರ್ಡುಗಳನ್ನು ಬಿಚ್ಚಿ ಮನೆ ಸೇರಿದಾಗ ಹನ್ನೊಂದೂವರೆ.

ಮರುದಿನ ಬೆಳಿಗ್ಗೆ ಸಾರಾ ಗ್ರೀನ್ 5,451 ಮತಗಳಿಂದ ಮತ್ತೆ ಗೆದ್ದಿದ್ದಾರೆ ಅಂತ ಓದುತ್ತಿದ್ದಾಗ ಫೋನ್ ಬಂತು. ಕೂಡುರಸ್ತೆಯ ಬಾಣದ ಬೋರ್ಡನ್ನು ಬಿಚ್ಚುವುದನ್ನೇ ಮರೆತಿದ್ದೆವು. ಯಾರೋ ಅದನ್ನು ನೋಡಿ ಓಟು ಹಾಕಲು ಹಾಲ್‌ಗೆ ಹೋಗಿ, ಯೋಗ ಕ್ಲಾಸಿನೊಳಗೆ ನುಗ್ಗಿದ್ದರಂತೆ. ಕತ್ತರಿ ತೆಗೆದುಕೊಂಡು ಹೊರಟೆ.